ಪೆಟ್ಟಿಗೆ ಮೇಷ್ಟ್ರು, ಕರಿ ನಾಕು

ನಮ್ಮ ಸರ್ಕಲ್ಲಲ್ಲಿ ಪೆಟ್ಟಿಗೆ ಮೇಷ್ಟ್ರಿಗೆ, ಅದೇ ಚರ್ಚಲ್ಲಿ ಹಾರ್ಮೋನಿಯಂ ನುಡಿಸ್ತಿದ್ದೋರಿಗೆ, ಶ್ರದ್ಧಾಂಜಲಿ ಫ್ಲೆಕ್ಸ್ ಹಾಕಿದಾರೆ. ಆಟೋ ಸ್ಟ್ಯಾಂಡ್ ಹುಡುಗರು ಪಾಪ ಪ್ರೀತಿಯಿಂದ ಕೈಯಿಂದ ದುಡ್ಡು ಹಾಕಿ ಮಾಡ್ಸಿದಾರೆ, ಬೈಬಾರ್ದು. ಆದ್ರೂ ಬೈತೀನಿ. ಮೇಷ್ಟ್ರ ಮುಖದ ಪಕ್ಕ ಒಂದು ಕೆಂಪು ಗಿಟಾರು, ಜೀವಮಾನದಲ್ಲಿ ಅವರು ಗಿಟಾರ್ ಮುಟ್ಟಿದ್ದು ನಾನಂತೂ ನೋಡಿಲ್ಲ. ಹಿಂದ್ಗಡೆ ಶೆಟ್ಟಿಹಳ್ಳಿ ಚರ್ಚು, ಅದೇ ಮಳೆ ಜೋರಾದ್ರೆ ಗೊರೂರು ಹಿನ್ನೀರಲ್ಲಿ ಅರ್ಧ ಮುಳುಗಿ ನಿಂತಿರತ್ತಲ್ಲ, 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಸಿದ್ದು, ಈಗ ಛಾವಣಿ ಇಲ್ದೇ ಗೋಡೆ ಕಮಾನು ಮಾತ್ರ ಉಳ್ಕೊಂಡಿರೋದು. ಅದು ಕ್ಯಾಥೋಲಿಕ್ಕು, ಮೇಷ್ಟ್ರು ಸಿಎಸ್‌ಐ, ಅಂದ್ರೆ ಪ್ರಾಟೆಸ್ಟೆಂಟು. ಇವರ ಚರ್ಚಿಗೆ ಛಾವಣಿ ಇದೆ, ಫ್ಯಾನೂ ಇದೆ. ಎಲ್ಲದಕ್ಕೂ ಕೆಳಗೆ ದಪ್ಪಕ್ಷರದಲ್ಲಿ "ಮತ್ತೆ ಹುಟ್ಟಿ ಬನ್ನಿ". ಯಾರಿಗೆ ಹೇಳ್ತಿದೀವಿ ಅಂತ ಒಂದ್ಸಲ ಯೋಚ್ನೆ ಮಾಡ್ಬಾರ್ದಾ ಕಣ್ರಪ್ಪಾ? ಆ ಮನುಷ್ಯ ಆಯಸ್ಸೆಲ್ಲಾ ಭಾನುವಾರ ಭಾನುವಾರ ಪರಲೋಕದ ಕೀರ್ತನೆ ನುಡಿಸಿ ಕೊನೆಗೂ ಅಲ್ಲಿಗೆ ಹೋಗಿ ಚಪ್ಪಲಿ ಬಿಡೋಷ್ಟ್ರಲ್ಲಿ ವಾಪಸ್ ಬಾ ಅಂತ ಕರೀತಿದೀರ.

ಇನ್ನು "ಗಾನ ಕೋಗಿಲೆ" ಅಂತ ಬೇರೆ. ಮೇಷ್ಟ್ರ ಗಂಟಲು ಅವರ ಸ್ವಂತ ಮಕ್ಕಳಿಗೇ ಆಗ್ತಿರ್ಲಿಲ್ಲ. ಅವರು ಪೆಟ್ಟಿಗೆ ನುಡಿಸೋರು ಅಷ್ಟೇ, ಹಾಡಿನ ಮೊದಲ ಸಾಲು ಮಾತ್ರ ಎತ್ತಿಕೊಟ್ಟು ಸುಮ್ಮನಾಗೋರು, ಆ ಒಂದು ಸಾಲೂ ಕೊಡ್ದೇ ಇದ್ರೆ ಚೆನ್ನಾಗಿರ್ತಿತ್ತು ಅಂತ ಹಿಂದಿನ ಬೆಂಚಿನೋರು ಅನ್ನೋರು. ದೊಡ್ಡ ಮಗಳ ಸ್ಟೇಟಸ್‌ನಲ್ಲಿ "ಗಾಸ್ಪೆಲ್ ಮ್ಯುಸಿಷಿಯನ್" ಅಂತಿತ್ತು. ಅದೇನಪ್ಪ ಅಂತ ಯೂಟ್ಯೂಬಲ್ಲಿ ಹುಡುಕಿದ್ರೆ ಅಮೆರಿಕದ ಚರ್ಚ್ ಹಾಡುಗಾರ್ತಿ ಮಹಾಲಿಯಾ ಜಾಕ್ಸನ್ ಬಂದ್ರು, ಏನ್ ದನಿ ರೀ ಅದು, ಕೂತಲ್ಲೇ ಮೈ ಜುಂ ಅಂತು. ಆದ್ರೆ ಅಲ್ಲಿ ಜನ ಎಲ್ಲಾ ಎದ್ದು ನಿಂತು ಚಪ್ಪಾಳೆ ತಟ್ತಾರೆ, ನಮ್ಮ ಮೇಷ್ಟ್ರು ಯಾರಾದ್ರೂ ಚಪ್ಪಾಳೆ ತಟ್ಟಿದ್ರೆ ತಾಳ ಓಡತ್ತೆ ಅಂತ ಕಣ್ಣು ಕೆಕ್ಕರಿಸೋರು. ಅವರದ್ದು ರಾಗ ತಾಳದ ಕೀರ್ತನೆ. ಕಿಟೆಲ್ ಅಂದ್ರೆ ನಿಮಗೆಲ್ಲಾ 1894ರ ನಿಘಂಟು ಒಂದೇ ಕಣ್ರೋ, ಆ ಪಾದ್ರಿ 1862ರಲ್ಲೇ ಯೇಸು ಕಥೆನ ನಮ್ಮ ಛಂದಸ್ಸಲ್ಲಿ ಕಥಾಮಾಲೆ ಅಂತ ಬರ್ದವನೆ, ಅಂತ ಟ್ಯೂಷನ್ನಲ್ಲಿ ಲೆಕ್ಕ ತಪ್ಪು ಮಾಡಿದೋರ್ಗೆಲ್ಲಾ ಹೇಳೋರು. ಲೆಕ್ಕಕ್ಕೂ ಅದಕ್ಕೂ ಏನ್ ಸಂಬಂಧ ಅಂತ ಕೇಳೋ ಧೈರ್ಯ ಯಾರಿಗಿತ್ತು.

"ಕುಟುಂಬ ವತ್ಸಲ" ಅಂತ ಹಾಕಿರೋದು ಮಾತ್ರ ಒಪ್ತೀನಿ, ಆ ಪದ ಮನುಷ್ಯರು ಯಾರೂ ಬಾಯಲ್ಲಿ ಆಡಲ್ಲ ಅನ್ನೋದು ಬಿಟ್ರೆ. ಅವರ ಹೆಂಡ್ರು ಸಿಸ್ಟರಮ್ಮ ಮಿಷನ್ ಆಸ್ಪತ್ರೆಲಿ ನರ್ಸು, ಡ್ಯೂಟಿ ಬಿಡೋದು ರಾತ್ರಿ ಎಂಟಕ್ಕೆ. ಚರ್ಚಲ್ಲಿ ಕ್ವಾಯರ್ ಪ್ರಾಕ್ಟೀಸ್ ನಡೀತಿರ್ಲಿ, ಚರಣ ಅರ್ಧಕ್ಕೆ ಬಂದಿರ್ಲಿ, ಏಳೂಮುಕ್ಕಾಲು ಆಯ್ತಾ, ಮೇಷ್ಟ್ರು ತಿದಿ ಮುಚ್ಚಿ ಕೊಂಡಿ ಹಾಕಿ ಎದ್ದೇ ಬಿಡೋರು. ಹಾಡೋರು ಬಾಯಿ ತೆಗೆದಿರೋರು ತೆಗೆದಂಗೇ. ಆಸ್ಪತ್ರೆ ಗೇಟಿನ ಹತ್ರ ಸೈಕಲ್ ಒರಗಿಸ್ಕೊಂಡು ನಿಲ್ಬೇಕಿತ್ತು ಅವರು. ಒಂದ್ಸಲ ಬೆಂಗಳೂರಿಂದ ಬಿಷಪ್ಪು ಬಂದಾಗ್ಲೂ ಹಿಂಗೇ ಎದ್ದು ಹೋದ್ರಂತೆ. ಹೆಣ್ಮಕ್ಕಳಿಗೆ ಜಡೆ ಹಾಕ್ತಿದ್ದಿದ್ದೂ ಅವರೇ, ಎಷ್ಟು ಬಿಗಿ ಅಂದ್ರೆ ಮಕ್ಕಳ ಹುಬ್ಬು ಮೇಲಕ್ಕೆ ಹೋಗಿ ದಿನವೆಲ್ಲಾ ಆಶ್ಚರ್ಯ ಪಟ್ಟಂಗೇ ಇರೋರು.

ಪೆಟ್ಟಿಗೆ ವಿಷ್ಯಕ್ಕೆ ಬಂದ್ರೆ ಮಾತ್ರ ಆ ಸಾಧು ಮನುಷ್ಯ ಸಿಡುಕ. ಆಕಾಶವಾಣಿ 1940ರಲ್ಲಿ ಹಾರ್ಮೋನಿಯಂನ ಆಚೆ ಹಾಕಿ 1971ರವರೆಗೂ ಒಳಗೆ ಬಿಟ್ಕೊಳ್ಲಿಲ್ಲ, ಸ್ವರ ಕೀಲಿಗೆ ಕಟ್ಟಿಬಿದ್ದಿರತ್ತೆ, ಸ್ವರನ ಓಲಾಡಿಸೋ ಗಮಕ ಬರಲ್ಲ ಅಂತ. ಅದನ್ನ ಅವರು ಮನೆ ಜಗಳದ ಥರ ಇಟ್ಕೊಂಡಿದ್ರು. ಹಾಸನ ಸ್ಟೇಷನ್ನಲ್ಲಿ ಸಂಗೀತ ಬಂದ್ರೆ ರೇಡಿಯೋ ಆರಿಸಿ, ಕೃಷಿ ಕಾರ್ಯಕ್ರಮ ಬಂದ್ರೆ ಹಾಕೋರು. ಹೊಲ ಇರ್ಲಿಲ್ಲ ಅವರಿಗೆ.

ಮಲೆನಾಡು ಸೀಮೆಲಿ ಪೆಟ್ಟಿಗೆ ಸಾಕೋದು ಸುಲಭ ಅಲ್ಲ. ಜೂನ್ ಬಂತು ಅಂದ್ರೆ ಥಂಡಿಗೆ ಮರ ಉಬ್ಬಿ ಕೀಲಿ ಒತ್ತಿದ್ರೆ ಮೇಲೇಳಲ್ಲ, ಒಳಗೆ ದನಿ ಕೊಡೋ ಪಟ್ಟಿ, ಅದೇ ರೀಡು, ಅದಕ್ಕೆ ಕಿಲುಬು. ಪೆಟ್ಟಿಗೆ ಪಕ್ಕ ಒಂದು ಬಲ್ಬ್ ಹೊತ್ತಿಸಿಟ್ಟಿರೋರು, ಮಕ್ಕಳು ಓದೋಕೆ ಹೊತ್ತಿರೋ ಬಲ್ಬಿಗೆ ಮಾತ್ರ ಕರೆಂಟ್ ಬಿಲ್ ನೆನಪಾಗೋದು. ಆ ಹಿತ್ತಾಳೆ ರೀಡಿನ ತುದಿ ಒಂಚೂರು ಕೆರೆದ್ರೆ ಶ್ರುತಿ ಏರತ್ತೆ, ಬುಡ ಕೆರೆದ್ರೆ ಇಳಿಯತ್ತೆ, ಜಾಸ್ತಿ ಕೆರೆದ್ರೆ ರೀಡೇ ಹೋಯ್ತು. ಬೇರೆಯೋರು ಮುಟ್ಟೋ ಹಂಗೇ ಇರ್ಲಿಲ್ಲ.

ಈಗ ಕ್ರಿಸ್ಮಸ್ ಕ್ಯಾರಲ್ ಕಥೆ ಹೇಳ್ಲೇಬೇಕು. ನಾನು ಆಗ ಕೇಕಿನ ಆಸೆಗೆ ಇವರ ಜೊತೆ ಟಾರ್ಚ್ ಹಿಡ್ಕೊಂಡು ಹೋಗ್ತಿದ್ದೆ. ಸಕಲೇಶಪುರದ ಕಡೆ ಒಂದು ಎಸ್ಟೇಟು, ಡಿಸೆಂಬರ್ ಚಳಿ, ಜೀಪಲ್ಲಿ ನಾವೆಲ್ಲಾ ಒಬ್ಬರ ಮೇಲೊಬ್ಬರು. ಮೊದಲ ಮನೇಲಿ ಮೊದಲ ಹಾಡು ಮುಗೀತು, ಪೆಟ್ಟಿಗೆ ಮುಗಿಸ್ಲಿಲ್ಲ. ಕರಿ ನಾಕು, ಅಂದ್ರೆ ನಾಲ್ಕನೇ ಕಪ್ಪು ಕೀಲಿ, ಹಿಡ್ಕೊಂಡು ಕುಂಯ್ ಅಂತಾನೇ ಇದೆ. ಮೇಷ್ಟ್ರು ಕೀಲಿ ಎತ್ತಿದ್ರು, ತಟ್ಟಿದ್ರು, ಬಗ್ಗಿ ಊದಿದ್ರು, ಊಹ್ಞೂಂ. ತಿದಿ ಎಳೆದ್ರೆ ಕರಿ ನಾಕು, ಬಿಟ್ರೆ ನಿಶ್ಶಬ್ದ. ಅವರ ಅದೃಷ್ಟಕ್ಕೆ ಗಂಡಸರೆಲ್ಲಾ ಹಾಡ್ತಿದ್ದಿದ್ದು ಕರಿ ಒಂದರ ಶ್ರುತಿಗೆ, ಅದಕ್ಕೆ ಕರಿ ನಾಕು ಪಂಚಮ, ಸರಿಗಮಪದ ಪ, ಹಂಗಾಗಿ ತಂಬೂರಿ ಇಟ್ಟಂಗೆ ಹೊಂದ್ಕೊಂಡೇ ಹೋಯ್ತು. ಆದ್ರೆ ಅವತ್ತು ಯಾವ ಹಾಡಿಗೂ ಶ್ರುತಿ ಬದಲಾಯಿಸೋ ಹಂಗಿಲ್ಲ, ಹೆಂಗಸರ ಹಾಡೂ ಅದೇ ಶ್ರುತಿ, ಪಾಪ ಅವರು ಪಲ್ಲವಿಲಿ ನೆಲಮಾಳಿಗೆಗೆ ಇಳಿದು ಚರಣದಲ್ಲಿ ಅಟ್ಟ ಹತ್ತೋರು. ಐದನೇ ಮನೆ ಸಾಹುಕಾರರು, "ಏನ್ ಮೇಷ್ಟ್ರೇ, ಈ ಸಲ ಶ್ರುತಿ ಭಾಳಾ ಚೆನ್ನಾಗ್ ಕೂಡ್ಸಿದೀರ" ಅಂದ್ಬಿಟ್ರು. ಮೇಷ್ಟ್ರ ಮುಖ ನೋಡ್ಬೇಕಿತ್ತು. ಬೈಸ್ಕೊಂಡಿದ್ರೂ ಅಷ್ಟು ಕೋಪ ಬರ್ತಿರ್ಲಿಲ್ಲ.

ಮನೆಗೆ ಬಂದು ನಡುರಾತ್ರಿ ಜಗಲಿ ಮೇಲೆ ಸ್ಕ್ರೂ ಬಿಚ್ಚಿದ್ರು, ನಾನು ಟಾರ್ಚ್ ಬಿಟ್ಟೆ. ಕೀಲಿಯ ಒಳಗಿನ ಮುಚ್ಚಳದ ಅಡಿ, ಗಾಳಿ ಹೋಗೋ ತೂತಿನ ಅಂಚಲ್ಲಿ, ರೋಸ್ ಕುಕ್ಕೀಸ್‌ನ ಒಂದು ಚೂರು, ಎಳ್ಳು ಸಮೇತ. ಮುಚ್ಚಳ ಕೂರಕ್ಕೇ ಬಿಟ್ಟಿಲ್ಲ ಅದು. ಪೆಟ್ಟಿಗೆ ಮೇಲೆ ತಟ್ಟೆ ಇಟ್ಕೊಂಡು ತಿನ್ನೋದು ಚಿಕ್ಕ ಮಗಳೊಬ್ಬಳೇ ಅಂತ ಊರಿಗೇ ಗೊತ್ತು. ಸಿಸ್ಟರಮ್ಮ ನಿದ್ದೆಗಣ್ಣಲ್ಲಿ ಬಂದು ಏನ್ರೀ ಅದು ಅಂದ್ರು. ಮೇಷ್ಟ್ರು ಚೂರನ್ನ ಬಾಯಿಗೆ ಹಾಕ್ಕೊಂಡು, "ಇಲಿ" ಅಂದ್ರು.

ಇದ್ರಿಂದ ನಂಗೆ ಸಂಗೀತ, ಸಂಸಾರದ ಬಗ್ಗೆ ಒಂದು ದೊಡ್ಡ ವಿಷ್ಯ ಹೊಳೆದಿತ್ತು, ಅದನ್ನ ಹೇಳೋಕೇ ಇಷ್ಟೆಲ್ಲಾ ಬರ್ದಿದ್ದು, ಆದ್ರೆ ಅಷ್ಟ್ರಲ್ಲಿ ಆ ಚಿಕ್ಕ ಮಗಳ ಗಂಡ ಫೋನ್ ಮಾಡಿದ. ಮೂಡಿಗೆರೆ ಹತ್ರ ಹೋಂಸ್ಟೇ ಮಾಡ್ತಿದಾನೆ, ರಿಸೆಪ್ಷನ್ನಲ್ಲಿ ಮಾವನ ಪೆಟ್ಟಿಗೆ ಇಡ್ತಾನಂತೆ, ಆಂಟಿಕ್ ಲುಕ್ ಬರತ್ತಂತೆ, ಮೇಲೊಂದು ಮನಿ ಪ್ಲಾಂಟ್. "ಅಂಕಲ್, ನಿಮಗೆ ಇದ್ರ ಒಳಗೆಲ್ಲಾ ಗೊತ್ತಲ್ವಾ, ರೀಡೆಲ್ಲಾ ತೆಗೆದ್ರೆ ಬ್ಲೂಟೂತ್ ಸ್ಪೀಕರ್ ಕೂರತ್ತಾ?" ಅಂದ.

ಕೂರತ್ತೆ. ಅಳತೆ ಹಿಡಿದು ನೋಡ್ಬೇಕಾಗೇ ಇಲ್ಲ, ಸರಿಯಾಗಿ ಕೂರತ್ತೆ. ನಾನು ಮಾತ್ರ "ಕೂರಲ್ಲ ಕಣಯ್ಯಾ" ಅಂದೆ.