ನೀರಜ್‌ನ ಹಳೇ ಮೇಷ್ಟ್ರು

2025ರ ಜುಲೈ 5ರಂದು ಕಂಠೀರವದಲ್ಲಿ ನೀರಜ್ ಚೋಪ್ರಾ ಕ್ಲಾಸಿಕ್ ಅನ್ನೋ ಜಾವೆಲಿನ್ (ಭರ್ಜಿ ಎಸೆತ) ಸ್ಪರ್ಧೆ ನೋಡೋಕೆ ಹೋಗಿದ್ದೆ. ಪಕ್ಕದ ಸೀಟಿನಲ್ಲಿ ಅಪ್ಪನ ಜೊತೆ ಬಂದಿದ್ದ ಒಬ್ಬ ಹುಡುಗ. ಎಂಟೋ ಒಂಬತ್ತೋ ವರ್ಷ ಇರಬೇಕು. ಇದ್ದಕ್ಕಿದ್ದ ಹಾಗೆ “ಅಂಕಲ್, ನೀರಜ್‌ಗೆ ಜಾವೆಲಿನ್ ಹೇಳಿಕೊಟ್ಟಿದ್ದು ಯಾರು?” ಅಂದ. ಸುಮ್ನೆ ಒಂದು ಹೆಸರು ಹೇಳಿ ಮುಗಿಸಬಹುದಿತ್ತು. ನಾನು ಊವೆ ಹೋನ್ ಕಥೆ ಶುರು ಮಾಡಿದೆ.

ಹೋನ್ ಹುಟ್ಟಿದ್ದು 1962ರಲ್ಲಿ, ಪೂರ್ವ ಜರ್ಮನಿಯ ನೊಯ್‌ರುಪ್ಪಿನ್‌ನಲ್ಲಿ. ಇಪ್ಪತ್ತಕ್ಕೇ ಯುರೋಪಿಯನ್ ಚಾಂಪಿಯನ್. 1984ರ ಜುಲೈ 20ರಂದು ಪೂರ್ವ ಬರ್ಲಿನ್‌ನಲ್ಲಿ ಅವರು ಎಸೆದ ಭರ್ಜಿ ಬಿದ್ದಿದ್ದು 104.80 ಮೀಟರ್ ದೂರದಲ್ಲಿ. ಫುಟ್‌ಬಾಲ್ ಮೈದಾನದ ಈ ಗೋಲ್‌ಪೋಸ್ಟ್ ಹತ್ತಿರ ನಿಂತು ಎಸೆದರೆ ಆ ಗೋಲ್‌ಪೋಸ್ಟ್ ಹತ್ತಿರ ಬಿದ್ದ ಹಾಗೆ! ಅದಕ್ಕಿಂತ ಮೊದಲಿನ ವಿಶ್ವದಾಖಲೆ 99.72. ನೂರು ಮೀಟರ್ ದಾಟಿಸಿದವರು ಇವತ್ತಿಗೂ ಅವರೊಬ್ಬರೇ.

ಇದಾಗಿ ಒಂದೇ ವಾರಕ್ಕೆ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಸೋವಿಯತ್ ಒಕ್ಕೂಟದ ಹಿಂದೆ ಪೂರ್ವ ಜರ್ಮನಿಯೂ ಬಹಿಷ್ಕಾರ ಹಾಕಿತ್ತು, ಹೋನ್ ಮನೆಯಲ್ಲೇ ಉಳಿದರು. ಅಲ್ಲಿ ಚಿನ್ನ ಸಿಕ್ಕಿದ್ದು 86.76 ಮೀಟರಿಗೆ. ಹದಿನೆಂಟು ಮೀಟರ್ ಕಮ್ಮಿ! ಹೊಟ್ಟೆ ಉರಿಯದೇ ಇರುತ್ತಾ?

1986ರಲ್ಲಿ ಭರ್ಜಿಯೇ ಬದಲಾಯಿತು. ಹಳೇ ಭರ್ಜಿ ಗಾಳಿಯಲ್ಲಿ ತೇಲಿ ತೇಲಿ ಹೋಗಿ ಅಡ್ಡಡ್ಡ ಬೀಳುತ್ತಿತ್ತು. ಮೂತಿ ಮೊದಲು ನೆಲಕ್ಕೆ ತಾಗಿತೋ ಇಲ್ಲವೋ ಅಂತ ಪ್ರತಿ ಸಲ ಜಗಳ. ಜೊತೆಗೆ ಮೈದಾನವೂ ಸಾಲದು ಅನ್ನೋ ಹೆದರಿಕೆ. ಭಾರದ ಕೇಂದ್ರವನ್ನು 4 ಸೆಂಟಿಮೀಟರ್ ಮುಂದಕ್ಕೆ ತಂದರು. ಮೂತಿ ಬೇಗ ಬಾಗಿ ನೆಲಕ್ಕೆ ಚುಚ್ಚೋ ಹಾಗಾಯಿತು. ಹೋನ್ ಒಬ್ಬರಿಂದಲೇ ನಿಯಮ ಬದಲಾಯಿತು ಅನ್ನೋದು ಸ್ವಲ್ಪ ಜಾಸ್ತಿ ಆಯ್ತು, ಅದಕ್ಕೆ ಮೊದಲೇ ಆ ಮಾತುಕತೆ ಇತ್ತು. ಆದರೆ ಅವರ ದಾಖಲೆ ಹಳೇ ಭರ್ಜಿಯ ಲೆಕ್ಕಕ್ಕೆ ಹೋಯಿತು. ಆಮೇಲೆ ಬೆನ್ನು ಕೈಕೊಟ್ಟಿತು. ಒಲಿಂಪಿಕ್ಸ್‌ನಲ್ಲಿ ಒಂದು ಸಲವೂ ಎಸೆಯದೆ ಆಟ ಮುಗಿಯಿತು.

ಒಂದು ಮಾತು ಮುಚ್ಚಿಡಬಾರದು. ಆಗಿನ ಪೂರ್ವ ಜರ್ಮನಿಯಲ್ಲಿ ಸರ್ಕಾರವೇ ಮುಂದೆ ನಿಂತು ಆಟಗಾರರಿಗೆ ಉದ್ದೀಪನ ಮದ್ದು ಕೊಡಿಸುತ್ತಿತ್ತು. ಅಲ್ಲಿನ ಯಾವ ದಾಖಲೆ ನೋಡಿದರೂ ನನಗೆ ಅದು ನೆನಪಾಗುತ್ತೆ. ಹುಡುಗನಿಗೆ ಇದನ್ನು ಹೇಳಲಿಲ್ಲ ಬಿಡಿ.

ಹೋನ್ ಆಮೇಲೆ ಕೋಚ್ ಆದರು. ಅವರ ಕೈಯಲ್ಲಿ ಪಳಗಿದ ಚೀನಾದ ಝಾವೊ ಚಿಂಗ್‌ಗಾಂಗ್ 2014ರ ಏಷ್ಯನ್ ಗೇಮ್ಸ್‌ನಲ್ಲಿ 89.15 ಎಸೆದು ಚಿನ್ನ ಗೆದ್ದರು. 2017ರ ಕೊನೆಗೆ ಹೋನ್ ಭಾರತಕ್ಕೆ ಬಂದರು. ಮರುವರ್ಷವೇ ನೀರಜ್‌ಗೆ ಎರಡು ಚಿನ್ನ: ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್‌ನಲ್ಲಿ 86.47, ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ 88.06. ಆಮೇಲೆ ನೀರಜ್ ಇನ್ನೊಬ್ಬ ಜರ್ಮನ್, ಬಯೋಮೆಕ್ಯಾನಿಕ್ಸ್ (ಮೈ ಚಲನೆಯ ವಿಜ್ಞಾನ) ಬಲ್ಲ ಕ್ಲೌಸ್ ಬಾರ್ಟೋನಿಯೆಟ್ಜ್ ಹತ್ತಿರ ಹೋದರು. ಟೋಕಿಯೊ ಚಿನ್ನ ಬಂದಿದ್ದು ಅಲ್ಲಿಂದ.

ಟೋಕಿಯೊಗೆ ಮುಂಚೆ ಹೋನ್ ಇಲ್ಲಿನ ತಯಾರಿ ಸಾಲದು ಅಂತ ಬಹಿರಂಗವಾಗಿಯೇ ದೂರಿದ್ದರು. ಒಲಿಂಪಿಕ್ಸ್ ಮುಗಿದ ಮುಂದಿನ ತಿಂಗಳೇ, ಕೆಲಸ ತೃಪ್ತಿ ತಂದಿಲ್ಲ ಅಂತ ಭಾರತದ ಅಥ್ಲೆಟಿಕ್ಸ್ ಫೆಡರೇಷನ್ ಅವರನ್ನು ಕಳಿಸಿತು. ಕಳಿಸಲಿ, ಅದು ಅವರ ಹಕ್ಕು. ಶಿಷ್ಯ ಮೇಷ್ಟ್ರನ್ನು ಬದಲಾಯಿಸಿದ್ದೂ ತಪ್ಪಲ್ಲ. ನನಗೆ ಸಿಟ್ಟು ಬರೋದು ಆ ಎರಡು ಚಿನ್ನ ಆಕಾಶದಿಂದ ಉದುರಿದವೇನೋ ಅನ್ನೋ ಹಾಗೆ ಮಾತಾಡಿದಾಗ.

ನಮ್ಮ ಶಿರಸಿ ಕಡೆಯ ಕಾಶಿನಾಥ್ ನಾಯ್ಕ್ ವಿಷಯದಲ್ಲೂ ಇದೇ ಆಗಿದ್ದು. 2010ರ ಕಾಮನ್‌ವೆಲ್ತ್‌ನಲ್ಲಿ ಕಂಚು ಗೆದ್ದವರು, ಶಿಬಿರದಲ್ಲಿ ನೀರಜ್‌ಗೆ ತರಬೇತಿ ಕೊಟ್ಟಿದ್ದವರು. ಟೋಕಿಯೊ ಆದ ಮೇಲೆ ರಾಜ್ಯ ಸರ್ಕಾರ 10 ಲಕ್ಷ ಘೋಷಿಸಿದರೆ, ಫೆಡರೇಷನ್ ಅಧ್ಯಕ್ಷರು ಆ ಹೆಸರೇ ಗೊತ್ತಿಲ್ಲ ಅಂದುಬಿಟ್ಟರು. ಕಂಚು ಬಂದಿದ್ದು ದೆಹಲಿಯಲ್ಲೇ ಸ್ವಾಮಿ!

ಹುಡುಗನಿಗೆ ಇನ್ನೂ ಜಕಾರ್ತಾ ತನಕ ಮಾತ್ರ ಹೇಳಿದ್ದೆ. ಅಷ್ಟರಲ್ಲಿ ನೀರಜ್ ಮೂರನೇ ಎಸೆತಕ್ಕೆ ಬಂದು ಎರಡೂ ಕೈ ಎತ್ತಿ ಚಪ್ಪಾಳೆ ಕೇಳಿದರು. ಹುಡುಗ ಸೀಟಿನ ಮೇಲೇ ಹತ್ತಿ ನಿಂತ. 86.18.

“ಕೂತ್ಕೊಳೋ, ಬೀಳ್ತೀಯ,” ಅಂತ ಅವನಪ್ಪ ಅಂಗಿ ಹಿಡಿದು ಎಳೆಯುತ್ತಿದ್ದರು.