ಸ್ಪಷ್ಟನೆ: ಆ 90 ದಿನ ಠಾಣೆಯ ಲೆಕ್ಕವಲ್ಲ

ದಾವಣಗೆರೆಯ ಜಯದೇವ ವೃತ್ತದಲ್ಲಿ ವಿಚಾರಣೆ ಮುಗಿಯದೆ ಜೈಲಲ್ಲಿರುವವರ ಪರವಾಗಿ ಸಹಿ ಸಂಗ್ರಹಿಸುತ್ತಿದ್ದಾಗ ಅಜ್ಜರೊಬ್ಬರು ಮೊಬೈಲ್ ಮುಂದೆ ಹಿಡಿದರು: "ಹೊಸ ಕಾನೂನಲ್ಲಿ ಪೊಲೀಸ್ರು ಯಾರನ್ನಾದ್ರೂ 90 ದಿನ ಠಾಣೇಲಿ ಇಟ್ಕೋಬಹುದಂತೆ, ಹೌದೇನ್ರಿ?"

ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತಿರುವ ಈ ಸಂದೇಶ ತಪ್ಪು. ಅಪರಾಧ ಪ್ರಕರಣದಲ್ಲಿ ಬಂಧಿಸಿದವರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು (ಮುಂಜಾಗ್ರತಾ ಬಂಧನದ ಕಥೆ ಬೇರೆ). ಆ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಂ ಪ್ರಕಾರ ಪೊಲೀಸ್ ಕಸ್ಟಡಿ ಒಟ್ಟು 15 ದಿನ. ಅದನ್ನು ಬಿಡಿಬಿಡಿಯಾಗಿ ಕೇಳಬಹುದು ಅನ್ನೋದಷ್ಟೇ ಹೊಸದು. ಗೊಂದಲ ಹುಟ್ಟಿದ್ದೂ ಅಲ್ಲೇ ಇರಬೇಕು. 60 ಅಥವಾ 90 ದಿನ ಅನ್ನೋದು ದೋಷಾರೋಪ ಪಟ್ಟಿ ಸಲ್ಲಿಸುವ ಗಡುವು. ಅದು ತಪ್ಪಿದರೆ ಜಾಮೀನು ಆರೋಪಿಯ ಹಕ್ಕು. ಭಯೋತ್ಪಾದನೆ ತಡೆಯ ಯುಎಪಿಎಯಂಥ ಕಾಯ್ದೆಗಳಲ್ಲಿ ಈ ಗಡುವನ್ನು ನ್ಯಾಯಾಲಯ 180 ದಿನಕ್ಕೆ ವಿಸ್ತರಿಸಬಹುದು.

ಸಹಿ ಸಂಗ್ರಹಿಸುತ್ತಿರುವ ನಮ್ಮ ತಕರಾರು ದೋಷಾರೋಪ ಪಟ್ಟಿ ಸಲ್ಲಿಕೆಯಾದ ನಂತರದ್ದು: ವಿಚಾರಣೆ ವರ್ಷಗಟ್ಟಲೆ ಎಳೆದು, ಜಾಮೀನೂ ಸಿಗದೆ ಜನ ಜೈಲಲ್ಲೇ ಕೊಳೆಯುತ್ತಾರೆ. ಇದನ್ನೆಲ್ಲ ಕೇಳಿಸಿಕೊಂಡೇ ಅಜ್ಜ ಸಹಿ ಹಾಕಿದರು.