ಈ ಸ್ಥಳಾಂತರಕ್ಕೆ ನೋಟಿಸ್ ಬರುವುದಿಲ್ಲ

ಹೊಸನಗರ, ಸಾಗರದ ಕಡೆಯವರಿಗೆ ‘ಮುಳುಗಡೆ’ ಎಂಬ ಮಾತನ್ನು ವಿವರಿಸಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿಯ ನೀರು ಏರಿದಾಗ ಊರು ಬಿಟ್ಟವರಿಗೆ ನ್ಯಾಯ ಸಿಕ್ಕಿತೆಂದು ನಾನು ಹೇಳಲಾರೆ. ಅವರ ಮಕ್ಕಳು ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿದ್ದಾರೆ. ಆದರೂ ಆ ಸ್ಥಳಾಂತರಕ್ಕೊಂದು ಹೆಸರಿತ್ತು, ಮುಳುಗಿದ ಜಮೀನಿಗೊಂದು ಸರ್ವೆ ನಂಬರ್ ಇತ್ತು. ಹವಾಮಾನ ಬದಲಾಗಿ ಈಗ ನಮ್ಮ ಹಳ್ಳಿಗಳಿಂದ ನಡೆಯುತ್ತಿರುವ ವಲಸೆಗೆ ಅದ್ಯಾವುದೂ ಇಲ್ಲ.

ನಮ್ಮ ಪಕ್ಕದ ಮನೆಯವರು ಬೆಂಗಳೂರಿಗೆ ಹೊರಟಾಗ, ಮಗನ ಕೆಲಸ ಅಲ್ಲಿದೆಯಲ್ಲ, ಹೋದರು ಎಂದು ಊರು ಮಾತಾಡಿಕೊಂಡಿತು. ನಾನು ಅವರ ಅಡಿಕೆ ತೋಟವನ್ನು ಬೇಲಿಯಾಚೆಯಿಂದ ನೋಡುತ್ತ ಬಂದವನು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ ಸೇರಿಸಿದ ಬೋರ್ಡೋ ದ್ರಾವಣವನ್ನು ಮಳೆಗಾಲ ಹಿಡಿಯುವಾಗ ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಮ್ಮೆ ಹೊಡೆದರೆ, ಎಳೆ ಕಾಯಿ ಕೊಳೆತು ಉದುರುವ ಕೊಳೆರೋಗ ಹತೋಟಿಯಲ್ಲಿರುತ್ತಿತ್ತು. ಆ ಎರಡನೆಯ ಸಲಕ್ಕೆ ಮಳೆ ಹೊಳವಾಗಬೇಕು, ಅಂದರೆ ನಡುವೆ ಬಿಡುವು ಕೊಡಬೇಕು. ಹೊಳವೇ ಆಗದಿದ್ದರೆ ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಜಾರುವ ಮರ ಹತ್ತುವಂತಿಲ್ಲ; ಹೊಳವಾದ ದಿನ ಎಲ್ಲರ ತೋಟಕ್ಕೂ ಅವನೇ ಬೇಕು. ಅಂಥ ಒಂದು ಮಳೆಗಾಲದಲ್ಲಿ ಆ ಮನೆಯ ಅಮ್ಮ, ಬಿಳಿ ಬೂಸು ಹಿಡಿದು ಉದುರಿದ ಎಳೆ ಅಡಿಕೆಯನ್ನು ಬುಟ್ಟಿಗೆ ಹೆಕ್ಕುತ್ತಿದ್ದರು. ಬುಟ್ಟಿ ತುಂಬಿದರೂ ಮರದ ಬುಡ ಹಸಿರಾಗಿಯೇ ಇತ್ತು. ಆಮೇಲೆ ಎಲೆಚುಕ್ಕಿ ರೋಗ ಬಂತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದವು. ಮಗನ ಕೆಲಸವೆಂಬುದು ಹೋಗಲು ಸಿಕ್ಕ ದಾರಿ, ಹೋಗಲು ಕಾರಣವಲ್ಲ.

ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ. 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲದು. ಸುರಿದರೆ ಧರೆ ಕುಸಿಯುವಂತೆ ಸುರಿಯುವುದಕ್ಕೂ, ಬಿಟ್ಟರೆ ಮಣ್ಣಿನ ತೇವವೆಲ್ಲ ಆರಿಹೋಗುವುದಕ್ಕೂ ಈ ಬಿಸಿಯೇ ಮೂಲ. 2050ರ ಹೊತ್ತಿಗೆ 21.6 ಕೋಟಿಯವರೆಗೆ ಜನ ತಮ್ಮ ದೇಶದೊಳಗೇ ವಲಸೆ ಹೋಗಬೇಕಾದೀತು ಎಂದು ವಿಶ್ವಬ್ಯಾಂಕ್ 2021ರಲ್ಲಿ ಅಂದಾಜಿಸಿತು. ಅದು ಲೆಕ್ಕಕ್ಕೆ ಹಿಡಿದದ್ದು ಒಂದೇ ರಾತ್ರಿಯಲ್ಲಿ ಬರುವ ಪ್ರವಾಹವನ್ನಲ್ಲ. ನೀರಿನ ಕೊರತೆ, ಇಳಿಯುವ ಫಸಲು, ಏರುವ ಕಡಲು ಇಂಥ ನಿಧಾನದ ಸಂಕಟಗಳನ್ನು. ನಮ್ಮದೂ ಅದೇ ಬಗೆಯದು.

ಉಳಿದವರು ಕೈಕಟ್ಟಿ ಕೂತಿಲ್ಲ. ಮರ ಹತ್ತುವವರು ಸಿಗದಿದ್ದಾಗ ನೆಲದಲ್ಲೇ ನಿಂತು ಔಷಧಿ ಹೊಡೆಯಲು ಕಾರ್ಬನ್ ಫೈಬರ್ ದೋಟಿ (ಉದ್ದನೆಯ ಕೋಲು) ಬಂದಿದೆ, ಕೊಯ್ಲಿನ ಹೊತ್ತಿಗೂ ಮಳೆ ಬಿಡದ ಕಾರಣ ಬೇಯಿಸಿದ ಅಡಿಕೆ ಅಂಗಳ ಬಿಟ್ಟು ಪ್ಲಾಸ್ಟಿಕ್ ಮಾಡಿನ ಕೆಳಗೆ ಒಣಗುತ್ತಿದೆ, ಗುಡ್ಡದ ಮೇಲೆ ಇಂಗುಗುಂಡಿಗಳಾಗಿವೆ. ಇವೆಲ್ಲ ಒಳ್ಳೆಯವೇ. ಆದರೆ ನಾಲ್ಕೆಕರೆಯವನಿಗೆ ಎಟುಕುವ ಖರ್ಚು ಅರ್ಧ ಎಕರೆಯವಳಿಗೆ ಎಟುಕುವುದಿಲ್ಲ. ಹೊಂದಿಕೊಳ್ಳುವ ಶಕ್ತಿಯೂ ಜಮೀನಿನ ಅಳತೆಯಂತೆಯೇ ಹಂಚಿಹೋಗುತ್ತಿರುವುದು ನನ್ನನ್ನು ಹೆಚ್ಚು ಕಾಡುತ್ತದೆ. ದೋಟಿ, ಒಣಗಿಸುವ ಮನೆಗಳು ಊರಿಗೆ ಸಾಮೂಹಿಕವಾಗಿ ಬರಬೇಕು.

ಅದಕ್ಕೆ ಮೊದಲು ಲೆಕ್ಕ ಬೇಕು. ಹತ್ತು ವರ್ಷಗಳಲ್ಲಿ ಬೀಗ ಬಿದ್ದ ಮನೆಗಳನ್ನು ಪಟ್ಟಿ ಮಾಡಿ, ಒಂದೊಂದರ ಎದುರಿಗೂ ಅವರ ಕೊನೆಯ ಮೂರು ಫಸಲು ಎಷ್ಟೆಂದು ಬರೆಯಬೇಕೆಂದು ಮುಂದಿನ ಗ್ರಾಮಸಭೆಯಲ್ಲಿ ಕೇಳಲಿದ್ದೇನೆ. ನಮ್ಮ ಪಕ್ಕದ ಮನೆಯಿಂದ ಶುರು ಮಾಡಬಹುದು. ಆ ಲೆಕ್ಕ ನನ್ನ ಬಳಿ ಇದೆ.